ಮನೆಯಲ್ಲೇ ಮಾಡಿದ ಬಿಯರನ್ನು ನೆಂಟರಿಷ್ಟರಿಗೆ ಬಡಿಸುವ ಮುನ್ನ

ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ತಯಾರಿಸುವವರು ಸಾಮಾನ್ಯವಾಗಿ ಒಂದು ಸಲಕ್ಕೆ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಮಾಡುತ್ತಾರೆ. ತಳದಲ್ಲಿ ಉಳಿಯುವ ಗಷ್ಟನ್ನು ಕಳೆದರೂ 355 ಮಿಲಿಲೀಟರಿನ ಸುಮಾರು ಐವತ್ತು ಬಾಟಲಿಗಳು ತುಂಬುತ್ತವೆ. ಗಂಡ ಹೆಂಡತಿ ಇಬ್ಬರೂ ವಾರಕ್ಕೆ ಎರಡೆರಡು ಬಾಟಲಿ ಕುಡಿದರೂ ಮುಗಿಯಲು ಮೂರು ತಿಂಗಳು ಬೇಕು. ಅಷ್ಟರಲ್ಲಿ ಹಾಪ್ಸ್ ಹೂವಿನ ಪರಿಮಳವನ್ನೇ ನೆಚ್ಚಿಕೊಂಡ ಐಪಿಎ ಮಾದರಿಯ ಬಿಯರು ಮಂಕಾಗಿಬಿಟ್ಟಿರುತ್ತದೆ. ಹೀಗಾಗಿ ಬಿಯರ್ ಮಾಡುವವರಿಗೆ ಹಂಚದೆ ವಿಧಿಯಿಲ್ಲ. ಕುದಿಸುವ, ಹುದುಗಿಸುವ ವಿಧಾನ ಹೇಳುವ ಬರಹಗಳು ಬೇಕಾದಷ್ಟಿವೆ. ಈ ಲೇಖನವು ಹುದುಗುವಿಕೆ ಮುಗಿಯುವ ಹಂತದಿಂದ ಅತಿಥಿಯ ಲೋಟದವರೆಗಿನ ಕೆಲಸವನ್ನು ಮಾತ್ರ ವಿವರಿಸುತ್ತದೆ. ನಾನು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಸಮೀಪದಲ್ಲಿದ್ದು, ಕೆಲವು ವರ್ಷಗಳಿಂದ ಮನೆಯ ಗರಾಜಿನಲ್ಲಿ ಬಿಯರ್ ಮಾಡುತ್ತಿದ್ದೇನೆ. ಅಂಗಡಿಯಿಂದ ತಂದ ಬಾಟಲಿಯಲ್ಲಿ ಏನಿದೆ ಎಂಬುದಕ್ಕೆ ಅದನ್ನು ಮಾಡಿದ ಕಂಪನಿ ಉತ್ತರ ಹೇಳುತ್ತದೆ. ನಮ್ಮ ಬಾಟಲಿಗೆ ನಾವೇ ಉತ್ತರ ಹೇಳಬೇಕು. ಮುಂದಿನದೆಲ್ಲ ಆ ಹೊಣೆಯ ವಿವರ.

ಕಾನೂನು ಏನು ಹೇಳುತ್ತದೆ

ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾಯ್ದೆ 1979ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ, ಸ್ವಂತಕ್ಕಾಗಿ ಅಥವಾ ಮನೆಮಂದಿಗಾಗಿ ತೆರಿಗೆಯಿಲ್ಲದೆ ಬಿಯರ್ ತಯಾರಿಸಲು ಇಲ್ಲಿ ಅವಕಾಶ ದೊರೆಯಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಮಿತಿ. ಆದರೆ ರಾಜ್ಯಗಳ ನಿಯಮಗಳು ಬೇರೆ ಬೇರೆಯಾಗಿದ್ದು, ಮಿಸಿಸಿಪ್ಪಿ ಮತ್ತು ಅಲಬಾಮಾ ರಾಜ್ಯಗಳು 2013ರಲ್ಲಷ್ಟೇ ಒಪ್ಪಿಗೆ ನೀಡಿದವು. ನಮ್ಮ ಆರೆಗಾನಿನಲ್ಲಿಯೂ ಮನೆಯ ಬಿಯರು ಮನೆಯ ಹೊಸ್ತಿಲು ದಾಟುವಂತಿಲ್ಲ ಎಂದು ಹಳೆಯ ಕಾಯ್ದೆಗೆ ಅರ್ಥ ಹೇಳಿದ್ದರಿಂದ 2010ರಲ್ಲಿ ರಾಜ್ಯ ಮೇಳದ ಸ್ಪರ್ಧೆಯೇ ನಿಂತುಹೋಗಿತ್ತು; ಮರುವರ್ಷ ಕಾಯ್ದೆ ತಿದ್ದಿದ ಮೇಲೆ ಗೆಳೆಯರ ಮನೆಗೆ ಬಾಟಲಿ ಒಯ್ಯಲು ತೊಡಕಿಲ್ಲದಂತಾಯಿತು. ಆದ್ದರಿಂದ ನೀವಿರುವ ರಾಜ್ಯದ ನಿಯಮವನ್ನು ಮೊದಲು ಓದಿಕೊಳ್ಳಿ.

ಮಾರಾಟ ಎಲ್ಲಿಯೂ ಸಲ್ಲದು. ಯಾರಾದರೂ ಪ್ರೀತಿಯಿಂದ ಇಪ್ಪತ್ತು ಡಾಲರ್ ಕೈಗಿಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ. ಅಂಚೆಯಲ್ಲಿ ಮದ್ಯ ಕಳಿಸುವುದು ನಿಷಿದ್ಧವಾದ್ದರಿಂದ ದೂರದ ತಮ್ಮನಿಗೆ ಪಾರ್ಸೆಲ್ ಮಾಡುವ ಯೋಚನೆಯನ್ನೂ ಬಿಡಿ. ಬಟ್ಟಿ ಇಳಿಸುವುದಂತೂ ಈ ಕಾಯ್ದೆ ಕೊಟ್ಟ ಅವಕಾಶದೊಳಗೆ ಬರುವುದೇ ಇಲ್ಲ. ಇದನ್ನು ಊರಿನಲ್ಲಿದ್ದುಕೊಂಡು ಓದುತ್ತಿರುವವರು ಮನೆಯಲ್ಲಿ ಪ್ರಯೋಗಕ್ಕಿಳಿಯಬಾರದು. ಕರ್ನಾಟಕದ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಹುದುಗು ನಿಂತಿದೆಯೇ ಎಂದು ನೋಡುವುದು

ಬಾಟಲಿಗೆ ತುಂಬುವ ಮುನ್ನ ಯೀಸ್ಟ್ ತನ್ನ ಕೆಲಸ ಮುಗಿಸಿರಬೇಕು. ಗುಳ್ಳೆ ಬರುವುದು ನಿಂತಿತೆಂಬುದು ಇದಕ್ಕೆ ಸಾಕ್ಷಿಯಲ್ಲ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಬಿಟ್ಟು ನೋಡಿ, ಎರಡು ಮೂರು ದಿನಗಳ ಅಂತರದಲ್ಲಿ ಅಳತೆ ಒಂದೇ ಇದ್ದರೆ ಮಾತ್ರ ಮುಗಿದಿದೆ ಎಂದುಕೊಳ್ಳಬಹುದು. ಈ ಅಳತೆಯಿಂದಲೇ ಬಿಯರಿನ ಅಮಲಿನ ಪ್ರಮಾಣವೂ ತಿಳಿಯುತ್ತದೆ: ಹುದುಗುವ ಮುನ್ನ 1.050 ಇದ್ದದ್ದು ಕೊನೆಗೆ 1.012ಕ್ಕೆ ಇಳಿದಿದ್ದರೆ ವ್ಯತ್ಯಾಸವನ್ನು 131.25ರಿಂದ ಗುಣಿಸಿ, ಶೇಕಡ 5ರಷ್ಟು ಮದ್ಯಸಾರ ಎಂದು ಬರೆದಿಟ್ಟುಕೊಳ್ಳಿ. ಈ ಸಂಖ್ಯೆ ಮುಂದೆ ಎರಡು ಕಡೆ ಬೇಕಾಗುತ್ತದೆ.

ನನ್ನ ಎರಡನೆಯ ಪ್ರಯತ್ನದಲ್ಲಿ, ಗೆಳೆಯರು ಶನಿವಾರ ಬರುತ್ತಾರೆಂಬ ಆತುರಕ್ಕೆ ಈ ಕಾಯುವಿಕೆಯನ್ನು ತಪ್ಪಿಸಿದ್ದೆ. ಹತ್ತು ದಿನಗಳ ಮೇಲೆ ನಡುರಾತ್ರಿಯಲ್ಲಿ ಗರಾಜಿನಿಂದ ಪಟಾಕಿ ಸಿಡಿದಂಥ ಸದ್ದು ಬಂತು. ಹೋಗಿ ನೋಡಿದರೆ ಮೂರು ಬಾಟಲಿ ಒಡೆದು, ಗಾಜಿನ ಚೂರೊಂದು ಪಕ್ಕದಲ್ಲಿದ್ದ ಸೋನಾ ಮಸೂರಿ ಅಕ್ಕಿಯ ಮೂಟೆಯನ್ನು ಸೀಳಿಕೊಂಡು ಒಳಗೆ ಹೊಕ್ಕಿತ್ತು. ಅಕ್ಕಿ ಸಣ್ಣಗೆ ಸುರಿಯುತ್ತಲೇ ಇತ್ತು. ಆ ಮೂಟೆಯ ಜಾಗದಲ್ಲಿ ಮಗು ನಿಂತಿದ್ದರೆ ಎಂಬ ಯೋಚನೆ ಈಗಲೂ ಹಾಯಾಗಿರಲು ಬಿಡುವುದಿಲ್ಲ. ಉಳಿದ ಬಾಟಲಿಗಳನ್ನು ದಪ್ಪ ಜಾಕೆಟ್, ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಂದೊಂದಾಗಿ ತೆರೆದು ಚೆಲ್ಲಬೇಕಾಯಿತು.

ಬಾಟಲಿ ತುಂಬುವುದು

ನೊರೆ ಏಳಬೇಕಾದರೆ ಬಾಟಲಿಯೊಳಗೆ ಯೀಸ್ಟಿಗೆ ಸ್ವಲ್ಪ ಸಕ್ಕರೆ ಸಿಗಬೇಕು. ಐದು ಗ್ಯಾಲನ್ನಿಗೆ ಸುಮಾರು 120 ಗ್ರಾಂ ಕಾರ್ನ್ ಶುಗರನ್ನು (ಮೆಕ್ಕೆಜೋಳದ ಸಕ್ಕರೆ) ಎರಡು ಕಪ್ ನೀರಿನಲ್ಲಿ ಕುದಿಸಿ ಆರಿಸಿ, ಬಿಯರಿಗೆ ಸಮನಾಗಿ ಬೆರೆಯುವಂತೆ ಮಾಡಿ. ಅಡುಗೆಮನೆಯ ಸಕ್ಕರೆಯನ್ನೇ ಬಳಸುವುದಾದರೆ ಹತ್ತು ಗ್ರಾಂ ಕಡಿಮೆ ಹಾಕಿ. ಚಮಚದ ಅಂದಾಜು ಬೇಡ, ತೂಕ ಮಾಡಿಯೇ ಹಾಕಿ. ಬೆರೆಸುವಾಗಲೂ ತುಂಬುವಾಗಲೂ ಬಿಯರು ಚಿಮ್ಮಬಾರದು. ಈ ಹಂತದಲ್ಲಿ ಗಾಳಿ ಸೇರಿದರೆ ಒಂದೆರಡು ತಿಂಗಳಲ್ಲಿ ಒದ್ದೆ ರಟ್ಟಿನ ವಾಸನೆ ಬರುತ್ತದೆ.

ಕಂದು ಬಣ್ಣದ ಬಾಟಲಿಗಳನ್ನೇ ಆರಿಸಿ. ಹಾಪ್ಸಿನ ಕಹಿ ಅಂಶಕ್ಕೆ ಬೆಳಕು ತಾಗಿದರೆ ನಾರುವ ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ. ಹಸಿರು ಮತ್ತು ಬಿಳಿ ಗಾಜು ಅದನ್ನು ತಡೆಯಲಾರವು. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿಗಳ ಬಾಯಿಗೆ ಒತ್ತಿ ಕೂರಿಸುವ ಕ್ರೌನ್ ಮುಚ್ಚಳ ಭದ್ರವಾಗಿ ಕೂರುವುದಿಲ್ಲವಾದ್ದರಿಂದ ಅವೂ ಬೇಡ. ಆರೆಗಾನಿನಲ್ಲಿ ಖಾಲಿ ಬಾಟಲಿ ಹಿಂತಿರುಗಿಸಿದರೆ ಹತ್ತು ಸೆಂಟ್ ಸಿಗುತ್ತದೆ. ನೆರೆಹೊರೆಯವರಿಗೆ ಆ ಹತ್ತು ಸೆಂಟ್ ಕೊಟ್ಟರೆ ಬಾಟಲಿಗಳು ಮನೆಬಾಗಿಲಿಗೇ ಬರುತ್ತವೆ. ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಿ ತೆಗೆದ ಬಾಟಲಿಗಳಿಗೆ, ಮೇಲೆ ಒಂದು ಅಂಗುಲ ಜಾಗ ಬಿಟ್ಟು ತುಂಬಿ.

ಒಂದನ್ನು ಮಾತ್ರ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿಡುವುದು ನನ್ನ ರೂಢಿ. ದಿನವೂ ಅದನ್ನು ಕೈಯಲ್ಲಿ ಹಿಂಡಿ ನೋಡಿದರೆ ಒಳಗಿನ ಒತ್ತಡ ತಿಳಿಯುತ್ತದೆ; ಅಂಗಡಿಯ ಸೋಡಾದಷ್ಟು ಬಿಗಿಯಾದಾಗ ಉಳಿದವೂ ಸಿದ್ಧವಾಗಿರುತ್ತವೆ, ಕಲ್ಲಿನಂತಾದರೆ ಎಲ್ಲವನ್ನೂ ತಕ್ಷಣ ಫ್ರಿಜ್‌ಗೆ ಸೇರಿಸಬೇಕು. 20ರಿಂದ 22 ಡಿಗ್ರಿ ಸೆಲ್ಸಿಯಸ್ ಇರುವ ಕಡೆ ಎರಡು ಮೂರು ವಾರ ಹಿಡಿಯುತ್ತದೆ. ಚಳಿಗಾಲದ ಗರಾಜಿನಲ್ಲಿ ಯೀಸ್ಟ್ ಮಲಗಿಬಿಡುತ್ತದೆ. ಬಟ್ಟೆಯ ಕಪಾಟಿನ ಕೆಳಗೆ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡುವುದು ಮೇಲು.

ಬಾಟಲಿಯ ಮೇಲೆ ಬರೆಯುವುದು

ಹೆಚ್ಚಿನವರು ಚೆಂದದ ಚಿತ್ರವಿರುವ ಲೇಬಲ್ ಅಂಟಿಸಿ ತೃಪ್ತರಾಗುತ್ತಾರೆ. ಚಿತ್ರ ಇರಲಿ ಬಿಡಲಿ, ಬಿಯರಿನ ಬಗೆ, ತುಂಬಿದ ದಿನಾಂಕ, ಮದ್ಯಸಾರದ ಪ್ರಮಾಣ, ಮತ್ತು ಒಳಗೆ ಹಾಕಿರುವ ಪದಾರ್ಥಗಳು ಎಂಬ ನಾಲ್ಕು ಸಂಗತಿ ಇರಲೇಬೇಕು. ಬಾರ್ಲಿ ಮತ್ತು ಗೋಧಿಯಲ್ಲಿ ಗ್ಲುಟೆನ್ ಇರುವುದರಿಂದ ಸೀಲಿಯಾಕ್ ಕಾಯಿಲೆಯವರಿಗೆ ಇದು ಆಗದು. ಮಿಲ್ಕ್ ಸ್ಟೌಟ್ ಎಂಬ ಕಪ್ಪು ಬಿಯರಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹಾಕುತ್ತಾರೆ. ಹಾಲು ಒಗ್ಗದವರಿಗೆ ಹೊಟ್ಟೆ ಕೆಡುತ್ತದೆ.

ನಮ್ಮವರ ನಡುವೆ ಹಂಚುವವರು ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಬಿಯರು ತಿಳಿಯಾಗಲೆಂದು ಕೊನೆಯಲ್ಲಿ ಸೇರಿಸುವ ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆದದ್ದು. ಐಸಿಂಗ್‌ಗ್ಲಾಸ್ ಎಂಬುದು ಮೀನಿನ ಗಾಳಿಚೀಲದಿಂದ ಬಂದದ್ದು. ಇವು ಬಹುಪಾಲು ತಳಕ್ಕೆ ಇಳಿದು ಉಳಿದುಬಿಡುತ್ತವೆ ಎಂಬುದು ನಿಜವಾದರೂ, ಸಸ್ಯಾಹಾರಿಗೆ ಆ ಸಮಾಧಾನ ಹೇಳುವ ಹಕ್ಕು ನಮಗಿಲ್ಲ. ಒಮ್ಮೆ ನಾನು ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರಿಗೆ ಜೆಲಟಿನ್ ಹಾಕಿದ್ದನ್ನು ಮರೆತು, ಮೊಟ್ಟೆಯನ್ನೂ ಮುಟ್ಟದ ಗೆಳೆಯರೊಬ್ಬರಿಗೆ ಕೊಟ್ಟಿದ್ದೆ. ಅರ್ಧ ಲೋಟ ಮುಗಿದಿದ್ದಾಗ ಅವರು, ‘ಎಷ್ಟು ತಿಳಿಯಾಗಿದೆ, ಹೇಗೆ ಮಾಡಿದಿರಿ?’ ಎಂದು ಕೇಳಿದರು. ಉತ್ತರ ಹೇಳಲು ಬಾಯಿ ತೆರೆದವನಿಗೆ ಆಗ ನೆನಪಾಯಿತು. ಹೇಳದೆ ಇರಬಹುದಿತ್ತು, ಹೇಳಿದೆ. ಅವರು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ‘ಪರವಾಗಿಲ್ಲ ಬಿಡಿ’ ಎಂದರಾದರೂ ಆ ಸಂಜೆ ಮತ್ತೇನನ್ನೂ ಕುಡಿಯಲಿಲ್ಲ. ಅಂದಿನಿಂದ ನಾನು ಕುದಿಯುವಾಗಲೇ ಹಾಕುವ ಐರಿಷ್ ಮಾಸ್ ಎಂಬ ಕಡಲಪಾಚಿಯನ್ನಷ್ಟೇ ಬಳಸುತ್ತೇನೆ. ಅದರ ಮೇಲೆ ಫ್ರಿಜ್‌ನಲ್ಲಿ ಒಂದೆರಡು ವಾರ ತಣ್ಣಗೆ ಬಿಟ್ಟರೆ ಬಿಯರು ತಾನಾಗಿಯೇ ತಿಳಿಯಾಗುತ್ತದೆ.

ಊರಿನಿಂದ ಬಂದ ಹಿರಿಯರಿಗೆ ಬೇರೊಂದು ಅಂಜಿಕೆ ಇರುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಬಲ್ಲವರು ಮನೆಯಲ್ಲಿ ಮಾಡಿದ್ದು ಎಂದರೆ ಕಳ್ಳಭಟ್ಟಿಯೆಂದೇ ತಿಳಿದು ಹಿಂಜರಿಯುತ್ತಾರೆ. ಅವರನ್ನು ನೋಡಿ ನಗಬೇಡಿ. ಅಂಥ ದುರಂತಗಳಿಗೆ ಕಾರಣ ಮದ್ಯಕ್ಕೆ ಬೆರೆತ ಮೆಥನಾಲ್. ಕಾಳಿನಿಂದ ಹುದುಗಿಸಿದ, ಬಟ್ಟಿ ಇಳಿಸದ ಬಿಯರಿನಲ್ಲಿ ಅದು ಅಪಾಯವಾಗುವಷ್ಟು ಹುಟ್ಟುವುದಿಲ್ಲ. ಎಳೆಮಕ್ಕಳಿಗೆ ಕೊಡಲೆಂದು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಮಾಲ್ಟ್ ಮಾಡುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಬಾರ್ಲಿಗೂ ಅದೇ ಸಂಸ್ಕಾರ ಎಂದರೆ ಅರ್ಧ ಅನುಮಾನ ಕರಗುತ್ತದೆ.

ತಣಿಸಿ ಸುರಿಯುವುದು

ಅತಿಥಿಗಳು ಬರುವ ಎರಡು ದಿನ ಮೊದಲೇ ಬಾಟಲಿಗಳನ್ನು ಫ್ರಿಜ್‌ನಲ್ಲಿ ನಿಲ್ಲಿಸಿಡಿ, ಮಲಗಿಸಬೇಡಿ. ಯೀಸ್ಟಿನ ಗಷ್ಟು ತಳದಲ್ಲಿ ಗಟ್ಟಿಯಾಗಿ ಕೂರಲು ಮತ್ತು ಗ್ಯಾಸು ಬಿಯರಿನಲ್ಲಿ ಚೆನ್ನಾಗಿ ಕರಗಲು ಈ ಕಾಲ ಬೇಕು. ಪಿಲ್ಸ್‌ನರ್ ಎಂಬ ಹಗುರ ಬಿಯರನ್ನು 4ರಿಂದ 7 ಡಿಗ್ರಿಯಲ್ಲಿ, ಪೇಲ್ ಏಲನ್ನು 7ರಿಂದ 10ರಲ್ಲಿ ಕೊಡಬಹುದು. ಸ್ಟೌಟ್ ಕುಡಿಯುವುದಾದರೆ ಹೊರಗೆ ತೆಗೆದು ಇಪ್ಪತ್ತು ನಿಮಿಷ ಬಿಟ್ಟು ತೆರೆಯಿರಿ, ತೀರ ತಣ್ಣಗಿದ್ದರೆ ಹುರಿದ ಕಾಳಿನ ರುಚಿ ನಾಲಿಗೆಗೆ ತಿಳಿಯುವುದಿಲ್ಲ.

ಲೋಟ ಗಾಜಿನದ್ದಿರಲಿ. ಸ್ಟೀಲ್ ಲೋಟ ಮಜ್ಜಿಗೆಗೆ ಒಪ್ಪುತ್ತದೆ, ಇದಕ್ಕೆ ಬಣ್ಣವೂ ಕಾಣುವುದಿಲ್ಲ, ಗಷ್ಟೂ ಕಾಣುವುದಿಲ್ಲ. ಸೋಪಿನ ಅಂಶವಾಗಲಿ ಎಣ್ಣೆಯ ಜಿಡ್ಡಾಗಲಿ ಉಳಿದಿದ್ದರೆ ನೊರೆ ಕ್ಷಣದಲ್ಲಿ ಇಳಿದುಹೋಗುತ್ತದೆ. ತೊಳೆದ ಲೋಟಕ್ಕೆ ನೀರು ಹಾಕಿ ಚೆಲ್ಲಿದಾಗ ಒಳಗೋಡೆಯ ಮೇಲೆ ನೀರು ತೆಳುವಾದ ಪೊರೆಯಂತೆ ಹರಡಿದರೆ ಶುದ್ಧ. ಹನಿಹನಿಯಾಗಿ ಅಂಟಿಕೊಂಡರೆ ಮತ್ತೆ ತೊಳೆಯಿರಿ.

ಸುರಿಯುವಾಗ ಲೋಟವನ್ನು ಓರೆ ಹಿಡಿದು, ಅರ್ಧ ತುಂಬಿದ ಮೇಲೆ ನೆಟ್ಟಗೆ ಮಾಡಿ, ಎರಡು ಬೆರಳಿನಷ್ಟು ನೊರೆ ಬರಿಸಿ. ಒಂದು ಬಾಟಲಿಯನ್ನು ಮೂವರಿಗೆ ಹಂಚುವುದಾದರೆ ಮೂರು ಲೋಟಗಳನ್ನೂ ಅಕ್ಕಪಕ್ಕ ಜೋಡಿಸಿಕೊಂಡು, ಬಾಟಲಿಯನ್ನು ಮಧ್ಯೆ ನೆಟ್ಟಗೆ ಮಾಡದೆ, ಒಂದೇ ಬಾಗಿನಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು; ಪ್ರತಿ ಲೋಟಕ್ಕೂ ಬಾಟಲಿ ಎತ್ತಿ ಇಳಿಸಿದರೆ ಅಲುಗಾಟಕ್ಕೆ ಗಷ್ಟೆಲ್ಲ ಮೇಲೆದ್ದು, ಮೂರನೆಯವರಿಗೆ ಕಲಗಚ್ಚು ಸಿಗುತ್ತದೆ. ತಳದಲ್ಲಿ ಒಂದು ಸೆಂಟಿಮೀಟರಿನಷ್ಟು ಬಿಟ್ಟುಬಿಡಿ. ಅದು ವಿಷವೇನಲ್ಲ, ಆದರೆ ಅಭ್ಯಾಸವಿಲ್ಲದವರ ಹೊಟ್ಟೆಯಲ್ಲಿ ಗುಡುಗುಡು ಎನಿಸುತ್ತದೆ. ಜರ್ಮನ್ ಶೈಲಿಯ ಗೋಧಿ ಬಿಯರಿಗೆ ಮಾತ್ರ ಈ ನಿಯಮ ತಲೆಕೆಳಗು. ಅಲ್ಲಿ ಕೊನೆಯ ಪಾಲನ್ನು ಬಾಟಲಿಯಲ್ಲೇ ಆಡಿಸಿ ಯೀಸ್ಟ್ ಸಮೇತ ಸುರಿಯುವುದೇ ಪದ್ಧತಿ.

ಯಾವುದರ ಜೊತೆ ಏನು

ನನ್ನ ಮಾವನವರು ತುಮಕೂರಿನಿಂದ ಬಂದಿದ್ದಾಗ, ನಾನು ಹೆಮ್ಮೆಪಟ್ಟುಕೊಂಡಿದ್ದ ಐಪಿಎಯನ್ನು ಮೆಣಸಿನಕಾಯಿ ಬಜ್ಜಿಯ ಜೊತೆ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಕಿವುಚಿ, ‘ಹಾಗಲಕಾಯಿ ಬೇಯಿಸಿದ ನೀರಿಗೆ ಸೋಡಾ ಬೆರೆಸಿದ ಹಾಗಿದೆಯಲ್ರೀ’ ಎಂದರು. ತಪ್ಪು ಬಿಯರಿನದ್ದಲ್ಲ, ಜೋಡಿಸಿದ ನನ್ನದು. ಹಾಪ್ಸಿನ ಕಹಿಯು ಮೆಣಸಿನ ಖಾರವನ್ನು ಇನ್ನಷ್ಟು ಎತ್ತಿ ಹಿಡಿಯುತ್ತದೆ; ಮಾಲ್ಟಿನ ಸಿಹಿಯು ಅದನ್ನು ತಣಿಸುತ್ತದೆ. ಮರುದಿನ ಬೆಲ್ಜಿಯಂ ಶೈಲಿಯ ಗೋಧಿ ಬಿಯರ್ ತೆರೆದೆ. ಅದಕ್ಕೆ ಕಿತ್ತಳೆ ಸಿಪ್ಪೆ ಮತ್ತು ಕುಟ್ಟಿದ ಕೊತ್ತಂಬರಿ ಬೀಜ ಹಾಕಿರುತ್ತಾರೆ. ಜನ್ಮದಲ್ಲಿ ಮದ್ಯ ಮುಟ್ಟದ ಅತ್ತೆಯವರು ಲೋಟವನ್ನು ಮೂಗಿನ ಹತ್ತಿರ ಹಿಡಿದು, ‘ಧನಿಯಾ ಹಾಕಿದ್ದೀರಲ್ವಾ?’ ಎಂದು ಒಂದೇ ಏಟಿಗೆ ಹೇಳಿದರು. ಮಾವನವರು ಆ ಲೋಟವನ್ನು ಬಜ್ಜಿಯ ಜೊತೆ ಪೂರ್ತಿ ಮುಗಿಸಿದರು.

ಕೋಳಿ ಸಾರು, ಮುದ್ದೆಯಂಥ ಊಟಕ್ಕೆ ಮಾಲ್ಟ್ ಮುಂದಾಗಿರುವ ಬ್ರೌನ್ ಏಲ್ ಹೊಂದುತ್ತದೆ. ಕಾಂಗ್ರೆಸ್ ಕಡಲೆಬೀಜ, ಕೋಡುಬಳೆಗೆ ಪೇಲ್ ಏಲ್ ಸಾಕು. ಸ್ಟೌಟಿನ ಜೊತೆ ಕಾಯಿ ಹೋಳಿಗೆ ಎಂದರೆ ಯಾರೂ ಮೊದಲು ಒಪ್ಪುವುದಿಲ್ಲ. ಆದರೆ ಬೆಲ್ಲಕ್ಕೂ ಹುರಿದ ಬಾರ್ಲಿಗೂ ಇರುವುದು ಕಾಫಿಗೂ ಬೆಲ್ಲಕ್ಕೂ ಇರುವಂಥದೇ ಹಳೆಯ ನಂಟು. ಹಲವು ಬಗೆ ಇದ್ದರೆ ಹಗುರವಾದದ್ದರಿಂದ ಆರಂಭಿಸಿ ಗಡುಸಾದದ್ದಕ್ಕೆ ಹೋಗಿ, ಒಬ್ಬರಿಗೆ ನೂರು ಮಿಲಿಲೀಟರಿನಂತೆ ಕೊಡಿ.

ಉಪಚಾರಕ್ಕೆ ಇಲ್ಲಿ ಎಡೆಯಿಲ್ಲ

ಬೇಡವೆಂದರೂ ಎಲೆಗೆ ಇನ್ನೊಂದು ಹೋಳಿಗೆ ಹಾಕುವುದು ನಮ್ಮ ಸಂಪ್ರದಾಯ. ಬೇಡವೆನ್ನುವುದೂ ಅದರ ಭಾಗವೇ. ಬಿಯರಿನ ವಿಷಯದಲ್ಲಿ ಈ ಅಭ್ಯಾಸವನ್ನು ಹೊಸ್ತಿಲ ಹೊರಗೇ ಬಿಡಬೇಕು. ಒಮ್ಮೆ ಬೇಡವೆಂದರೆ ಬೇಡವೆಂದೇ ಅರ್ಥ. ವ್ರತ, ಔಷಧ, ಬಸಿರು, ಬಿಟ್ಟುಬಿಟ್ಟ ಹಳೆಯ ಚಟ, ಸುಮ್ಮನೆ ಇಷ್ಟವಿಲ್ಲದಿರುವುದು, ಯಾವ ಕಾರಣವನ್ನೂ ನಾಲ್ಕು ಜನರೆದುರು ಹೇಳಿಸಬಾರದು. ಕುಡಿಯದವರಿಗೆ ಸಪ್ಪೆ ನೀರು ಕೊಟ್ಟು ಮೂಲೆಗೆ ಕೂರಿಸುವುದೂ ಸರಿಯಲ್ಲ. ನಾನು ಬೆಲ್ಲ, ಶುಂಠಿ, ಏಲಕ್ಕಿ, ನಿಂಬೆಯ ಪಾನಕವನ್ನು ಸೋಸಿ, ಕೆಗ್ ಎಂಬ ಉಕ್ಕಿನ ಪೀಪಾಯಿಯಲ್ಲಿ ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ತುಂಬಿಸಿ, ಅದೇ ಬಗೆಯ ಗಾಜಿನ ಲೋಟದಲ್ಲಿ ನೊರೆಯೊಂದಿಗೆ ಕೊಡುತ್ತೇನೆ. ಮಕ್ಕಳು ಸಾಲು ನಿಲ್ಲುತ್ತಾರೆ. ಪಾನಕಕ್ಕೆ ಯೀಸ್ಟ್ ಹಾಕಿ ಗಾಜಿನ ಬಾಟಲಿಯಲ್ಲಿ ಮುಚ್ಚುವ ಸಾಹಸ ಮಾತ್ರ ಮಾಡಬೇಡಿ, ಅಷ್ಟು ಬೆಲ್ಲಕ್ಕೆ ಬಾಟಲಿ ಸಿಡಿಯುವುದು ಖಂಡಿತ.

ಇಲ್ಲಿ ಕುಡಿಯಲು 21 ತುಂಬಿರಬೇಕು. ಮೊದಲ ಬಾಟಲಿ ತೆರೆಯುವ ಮುನ್ನವೇ ವಾಪಸ್ ಕಾರು ಓಡಿಸುವವರು ಯಾರೆಂದು ಕೇಳಿಬಿಡಿ. ಊಟ ಮುಗಿದ ಮೇಲೆ ಕೇಳಿದರೆ ಉತ್ತರ ನಂಬುವಂತಿರುವುದಿಲ್ಲ. ಅಮೆರಿಕದ ಲೆಕ್ಕದಲ್ಲಿ ಶೇಕಡ 5ರ 355 ಮಿಲಿಲೀಟರ್ ಬಿಯರ್ ಒಂದು ಪೇಯ, ಅಂದರೆ 14 ಗ್ರಾಂ ಮದ್ಯಸಾರ. ಮನೆಯ ಬಿಯರು ಶೇಕಡ 8 ಇದ್ದರೆ ಅದೇ ಬಾಟಲಿ ಒಂದೂವರೆಗಿಂತ ಹೆಚ್ಚು ಪೇಯಕ್ಕೆ ಸಮ, ಕುಡಿದವರಿಗೆ ಮಾತ್ರ ಒಂದೇ ಬಾಟಲಿ ಎಂದು ಅನಿಸುತ್ತದೆ. ಹೈಡ್ರೋಮೀಟರಿನ ಆ ಸಂಖ್ಯೆಯನ್ನು ಲೇಬಲ್ ಮೇಲೆ ಬರೆದಿರಬೇಕೆಂದದ್ದು ಇದಕ್ಕೇ. ಸಂದೇಹ ಬಂದರೆ ಹಾಸಿಗೆ ಹಾಸಿಕೊಡಿ.

ಅಭಿಪ್ರಾಯ ಕೇಳುವುದು

‘ಹೇಗಿದೆ?’ ಎಂದು ಕೇಳಿದರೆ ನಮ್ಮವರು ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ಉಪಯೋಗವಿಲ್ಲ. ಸ್ಪರ್ಧೆಗಳ ತೀರ್ಪುಗಾರರು ಐವತ್ತು ಅಂಕಗಳಲ್ಲಿ ರುಚಿಗೆ 20, ಪರಿಮಳಕ್ಕೆ 12, ನೋಟಕ್ಕೆ ಕೇವಲ 3 ಇಟ್ಟಿರುತ್ತಾರೆ. ನೀವೂ ಮೂಗು ಮತ್ತು ನಾಲಿಗೆಯ ಬಗೆಗೇ ಕೇಳಿ. ಬೆಣ್ಣೆ ಬಿಸ್ಕತ್ತಿನ ವಾಸನೆಯೇ? ಹಾಗಿದ್ದರೆ ಯೀಸ್ಟಿಗೆ ಬೆಚ್ಚಗಿನ ಜಾಗದಲ್ಲಿ ಇನ್ನೆರಡು ದಿನ ಬೇಕಿತ್ತು. ಹಸಿ ಸೇಬಿನಂತಿದ್ದರೆ ಆತುರಪಟ್ಟು ತುಂಬಿದ್ದೀರಿ. ಬೇಯಿಸಿದ ಮೆಕ್ಕೆಜೋಳದಂತಿದ್ದರೆ ಕುದಿಯುವಾಗ ಪಾತ್ರೆ ಮುಚ್ಚಿದ್ದಿರಬಹುದು. ಬೇಡದ ಹುಳಿಯಿದ್ದರೆ ಪಾತ್ರೆ, ಕೊಳವೆಗಳ ಶುಚಿಯಲ್ಲಿ ಲೋಪವಾಗಿದೆ. ಬಿಯರಿನ ಪರಿಚಯವೇ ಇಲ್ಲದ, ಆದರೆ ಅಡುಗೆಯಲ್ಲಿ ಪಳಗಿದ ಮೂಗುಗಳು ಇದನ್ನು ತೀರ್ಪುಗಾರರಿಗಿಂತ ಬೇಗ ಹಿಡಿಯುವುದನ್ನು ನಾನು ಕಂಡಿದ್ದೇನೆ.

ಹೊರಡುವಾಗ ಕೈಗೆ ಕೊಡುವ ಬಾಟಲಿಗಳ ಜೊತೆ ಎರಡು ಮಾತು ಹೇಳಿಕಳಿಸಿ: ಫ್ರಿಜ್‌ನಲ್ಲಿ ನಿಲ್ಲಿಸಿಡಬೇಕು, ಸುರಿದ ಕೂಡಲೇ ಬಾಟಲಿಗೆ ನೀರು ಹಾಕಿ ಕುಲುಕಿಡಬೇಕು. ಯೀಸ್ಟ್ ಒಮ್ಮೆ ಒಣಗಿತೆಂದರೆ ಗಾಜಿಗೆ ಕಚ್ಚಿಕೊಳ್ಳುತ್ತದೆ. ಖಾಲಿ ಡಬ್ಬಿಯನ್ನು ಹಾಗೇ ಹಿಂತಿರುಗಿಸಬಾರದೆಂಬ ನಮ್ಮವರ ಕಟ್ಟುಪಾಡಿನಿಂದಾಗಿ ನನ್ನ ಬಾಟಲಿಗಳ ಪೆಟ್ಟಿಗೆಯಲ್ಲಿ ಒಮ್ಮೆ ಚಟ್ನಿಪುಡಿ, ಒಮ್ಮೆ ತಂಬಿಟ್ಟು ಕೂತು ಬಂದದ್ದುಂಟು. ಬಂದ ಬಾಟಲಿಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿ. ತಳದಲ್ಲಿ ಬೂದು ಉಂಗುರ ಕಂಡರೆ ಒಂದು ರಾತ್ರಿ ಮಾರ್ಜಕದಲ್ಲಿ ನೆನೆಸಿ, ಬ್ರಷ್ಷಿನಿಂದ ತಿಕ್ಕಿ. ಆಗಲೂ ಹೋಗದಿದ್ದರೆ ಅದನ್ನು ಹತ್ತು ಸೆಂಟಿಗೆ ಹಿಂತಿರುಗಿಸಿಬಿಡಿ.